ವಕೀಲರ ಮನೆತನದ ಸಂತ

ತಂದೆ ವಕೀಲರು, ಮಗನೂ ವಕೀಲ, ಅಳಿಯನೂ ವಕೀಲ. ಇಂಥ ಮನೆತನಗಳನ್ನು ನೀವು ಕಂಡಿರುತ್ತೀರಿ. ಕಾನೂನು ಪುಸ್ತಕಗಳ ಬೀರು, ಕಕ್ಷಿದಾರರು, ಊರಿನಲ್ಲಿ ಗಳಿಸಿದ ಹೆಸರು ಎಲ್ಲವೂ ಮುಂದಿನ ತಲೆಮಾರಿಗೆ ಬರುತ್ತವೆ. ಹಾಗಾದರೆ ಮನಸ್ಸಾಕ್ಷಿ? ಅದೂ ಪಿತ್ರಾರ್ಜಿತವಾಗಿ ಬರುತ್ತದೆಯೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಸಂತ ಥಾಮಸ್ ಮೋರ್‌ರವರ ಬಾಳನ್ನು ಒಮ್ಮೆ ನೋಡೋಣ.

ಥಾಮಸರ ತಾತ ಲಂಡನ್ನಿನಲ್ಲಿ ರೊಟ್ಟಿ ಸುಡುವ ಕಸುಬಿನವರು. ತಂದೆ ಜಾನ್ ಮೋರ್ ಕಾನೂನು ಕಲಿತು ವಕೀಲರಾದರು, ಮುಂದೆ ರಾಜನ ನ್ಯಾಯಪೀಠದಲ್ಲಿ ನ್ಯಾಯಾಧೀಶರಾದರು. ಆಕ್ಸ್‌ಫರ್ಡಿನಲ್ಲಿ ಸಾಹಿತ್ಯದ ಸವಿ ಹತ್ತಿದ್ದ ಮಗನನ್ನು ಅವರು ಕಾನೂನಿನ ಕಡೆಗೆ ತಿರುಗಿಸಿದರು. 1496ರಲ್ಲಿ ಥಾಮಸರು ತಂದೆಯ ವಕೀಲರ ಸಂಘವಾದ ಲಿಂಕನ್ಸ್ ಇನ್ ಸೇರಿದರು. ಸನ್ಯಾಸಿಯಾಗುವ ಆಸೆಯೂ ಅವರಲ್ಲಿತ್ತು. ಕೆಲವು ವರ್ಷ ಕಾರ್ತೂಸಿಯನ್ ಮಠದ ಪ್ರಾರ್ಥನಾಜೀವನದಲ್ಲಿ ಪಾಲುಗೊಂಡರು. ಕೊನೆಗೆ ಸಂಸಾರವೇ ತಮಗೆ ದೇವರು ಕೊಟ್ಟ ಕರೆಯೆಂದು ಅರಿತು 1505ರಲ್ಲಿ ಮದುವೆಯಾದರು.

ನಾಲ್ಕು ಮಕ್ಕಳ ತಾಯಿಯಾದ ಜೇನ್ 1511ರಲ್ಲಿ ತೀರಿಕೊಂಡ ಮೇಲೆ ಆಲಿಸ್ ಎಂಬ ವಿಧವೆ ಆ ಮಕ್ಕಳಿಗೆ ತಾಯಿಯಾದರು. ಹೆಣ್ಣುಮಕ್ಕಳಿಗೆ ಓದು ಬೇಡವೆನ್ನುತ್ತಿದ್ದ ಆ ಕಾಲದಲ್ಲಿ ಥಾಮಸರು ಮೂವರು ಹೆಣ್ಣುಮಕ್ಕಳಿಗೂ ಲತೀನ್, ಗ್ರೀಕ್ ಕಲಿಸಿದರು. ಹಿರಿಯ ಮಗಳು ಮಾರ್ಗರೆಟ್ ವಕೀಲ ವಿಲಿಯಂ ರೋಪರ್‌ರ ಕೈಹಿಡಿದಳು.

1529ರಲ್ಲಿ ದೊರೆ ಎಂಟನೇ ಹೆನ್ರಿ ಥಾಮಸರನ್ನು ರಾಜ್ಯದ ಛಾನ್ಸಲರರನ್ನಾಗಿ ನೇಮಿಸಿದ. ಇಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಅವರು ತಮ್ಮ ಪೀಠಕ್ಕೆ ಹೋಗುವ ಮುನ್ನ, ಅದೇ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ನ್ಯಾಯಾಧೀಶರಾಗಿ ಕುಳಿತಿದ್ದ ವೃದ್ಧ ತಂದೆಯ ಮುಂದೆ ಎಲ್ಲರೆದುರು ಮೊಣಕಾಲೂರಿ ಆಶೀರ್ವಾದ ಬೇಡುತ್ತಿದ್ದರು. ಅಳಿಯ ಜೈಲ್ಸ್ ಹೆರಾನ್ ಮಾವನ ದಾಕ್ಷಿಣ್ಯವನ್ನು ನಂಬಿ ರಾಜಿಗೆ ಒಪ್ಪದೆ ಮೊಕದ್ದಮೆ ನಡೆಸಿದಾಗ, ತೀರ್ಪು ಅಳಿಯನ ವಿರುದ್ಧವೇ ಬಂತು. ನ್ಯಾಯಪೀಠದಲ್ಲಿ ನಂಟಸ್ತಿಕೆಗೆ ಜಾಗವಿರಲಿಲ್ಲ.

ಸಂತರೆಂದ ಮಾತ್ರಕ್ಕೆ ಎಲ್ಲವನ್ನೂ ಹೊಗಳಬೇಕಿಲ್ಲ. ಅವರು ಅಧಿಕಾರದಲ್ಲಿದ್ದಾಗ ಧರ್ಮಸಭೆಯ ಬೋಧನೆಗೆ ವಿರುದ್ಧ ನಿಂತ ಆರು ಮಂದಿಯನ್ನು ಸುಟ್ಟು ಕೊಲ್ಲಲಾಯಿತು. ಆ ಶಿಕ್ಷೆಯನ್ನು ಅವರು ಸಮರ್ಥಿಸಿದ್ದರು. ಇದು ನಮ್ಮನ್ನು ನೋಯಿಸುವ ಸಂಗತಿ. ಧರ್ಮದ ಹೆಸರಿನ ಬಲವಂತವನ್ನು ಧರ್ಮಸಭೆ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1965ರಲ್ಲಿ, ಸ್ಪಷ್ಟವಾಗಿ ತಳ್ಳಿಹಾಕಿತು.

ರಾಣಿ ಕ್ಯಾಥರೀನಳನ್ನು ತೊರೆದು ಆನ್ ಬೊಲಿನಳನ್ನು ಮದುವೆಯಾಗಲು ಹೆನ್ರಿ ಹಟ ಹಿಡಿದ. ಇಂಗ್ಲೆಂಡಿನ ಗುರುವರ್ಗ ದೊರೆಗೆ ಶರಣಾದಾಗ, 1532ರ ಮೇ ತಿಂಗಳಲ್ಲಿ, ಥಾಮಸರು ಹುದ್ದೆ ಬಿಟ್ಟರು. ಆದಾಯ ಕುಸಿಯಿತು. ಇನ್ನು ಖರ್ಚು ತಗ್ಗಿಸಿ ಒಟ್ಟಾಗಿ ಬಾಳುವುದು ಹೇಗೆಂದು ಅವರು ಮನೆಯವರನ್ನೆಲ್ಲ ಕೂಡಿಸಿ ಮಾತಾಡಿದರು.

1534ರಲ್ಲಿ ಹೊಸ ಉತ್ತರಾಧಿಕಾರ ಕಾಯಿದೆಯ ಪ್ರಮಾಣವಚನ ಬಂತು. ಆನ್ ಬೊಲಿನಳ ಮಕ್ಕಳಿಗೆ ಸಿಂಹಾಸನ ಕೊಡುವ ಹಕ್ಕು ಸಂಸತ್ತಿಗಿದೆಯೆಂದು ಥಾಮಸರು ಒಪ್ಪಿದರು. ಆದರೆ ವಿಶ್ವಗುರುಗಳ ಅಧಿಕಾರವನ್ನು ನಿರಾಕರಿಸುವ ಆ ಪ್ರಮಾಣವನ್ನು ಸ್ವೀಕರಿಸಲಿಲ್ಲ. ಲಂಡನ್ ಗೋಪುರದ ಸೆರೆಮನೆ ಸೇರಿದರು. ಕಾರಣ ಕೇಳಿದರೆ ಮೌನ. ವಕೀಲರಾದ ಅವರಿಗೆ ಗೊತ್ತಿತ್ತು: ಮೌನವನ್ನು ಕಾನೂನು ಸಮ್ಮತಿಯೆಂದು ಎಣಿಸುತ್ತದೆ, ರಾಜದ್ರೋಹವೆಂದಲ್ಲ.

ಓದುಗರೇ, ಇಲ್ಲಿ ನಾವು ಗಮನಿಸಬೇಕಾದ ಮಾತೊಂದಿದೆ. ಪ್ರೀತಿಯ ಮಗಳು ಮಾರ್ಗರೆಟ್ ದೇವರ ಕಟ್ಟಳೆಗೆ ಒಪ್ಪುವಷ್ಟರ ಮಟ್ಟಿಗೆಂದು ಹೇಳಿ ಆ ಪ್ರಮಾಣ ಮಾಡಿದ್ದಳು. ತಂದೆಯೂ ಮಾಡಲೆಂದು ಸೆರೆಮನೆಗೆ ಬಂದು ಬೇಡಿಕೊಂಡಳು. ಮಡದಿ ಆಲಿಸ್ ಗದರಿದರು. ಥಾಮಸರು ಕದಲಲಿಲ್ಲ, ಆದರೆ ಮಗಳನ್ನು ದೂಷಿಸಲೂ ಇಲ್ಲ, ತಮ್ಮಂತೆ ನಡೆಯಲು ಯಾರನ್ನೂ ಒತ್ತಾಯಿಸಲೂ ಇಲ್ಲ. ಪ್ರತಿಯೊಬ್ಬನೂ ತನ್ನ ಆತ್ಮದ ಲೆಕ್ಕವನ್ನು ತಾನೇ ದೇವರಿಗೆ ಒಪ್ಪಿಸಬೇಕೆಂದು ಅವರು ಬಲ್ಲವರಾಗಿದ್ದರು.

1535ರ ಜುಲೈ 1ರಂದು ವಿಚಾರಣೆ ನಡೆದದ್ದು ತಂದೆಯ ಆಶೀರ್ವಾದ ಪಡೆಯುತ್ತಿದ್ದ ಅದೇ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ! ರಿಚರ್ಡ್ ರಿಚ್ ಎಂಬ ಸರ್ಕಾರಿ ವಕೀಲ, ಸೆರೆಮನೆಯ ಮಾತುಕತೆಯಲ್ಲಿ ಥಾಮಸರು ದೊರೆಯ ಅಧಿಕಾರವನ್ನು ಅಲ್ಲಗಳೆದರೆಂದು ಸಾಕ್ಷಿ ಹೇಳಿದ. ಅದು ಸುಳ್ಳೆಂದು ಥಾಮಸರು ವಾದಿಸಿದರೂ ಅಪರಾಧಿಯೆಂದೇ ತೀರ್ಮಾನವಾಯಿತು. ಜುಲೈ 6ರಂದು ಅವರ ಶಿರಚ್ಛೇದವಾಯಿತು.

ಮಾರ್ಗರೆಟ್ ತಂದೆಯ ಶಿರವನ್ನು ಪಡೆದು ಕಾಪಾಡಿದಳು. ಅಳಿಯ ರೋಪರ್ ಅವರ ಜೀವನಚರಿತ್ರೆ ಬರೆದರು. ಸೋದರಳಿಯ ವಿಲಿಯಂ ರಾಸ್ಟೆಲ್, ಅವರೂ ವಕೀಲರೇ, 1557ರಲ್ಲಿ ಅವರ ಇಂಗ್ಲಿಷ್ ಕೃತಿಗಳನ್ನು ಅಚ್ಚುಹಾಕಿಸಿದರು. ನ್ಯಾಯಾಧೀಶರಾದ ಮೇಲೂ ವಿಶ್ವಾಸಕ್ಕಾಗಿ ನಾಡುಬಿಟ್ಟು ಲುವೇನ್ ನಗರದಲ್ಲಿ ಪ್ರಾಣಬಿಟ್ಟರು. 1935ರಲ್ಲಿ ಥಾಮಸರಿಗೆ ಸಂತ ಪದವಿ ದೊರೆಯಿತು. 2000ದಲ್ಲಿ ವಿಶ್ವಗುರು ಎರಡನೇ ಜಾನ್ ಪೌಲರು ಅವರನ್ನು ರಾಜಕಾರಣಿಗಳ ಪಾಲಕರೆಂದು ಸಾರಿದರು.

ಮನಸ್ಸಾಕ್ಷಿಯನ್ನು ಉಯಿಲಿನಲ್ಲಿ ಬರೆದುಕೊಡಲಾಗದು. ಅದನ್ನು ಮನೆಯಲ್ಲಿ, ಊಟದ ಹೊತ್ತಿನಲ್ಲಿ, ಸಂಜೆಯ ಪ್ರಾರ್ಥನೆಯಲ್ಲಿ, ದುಡಿಮೆಯ ಪ್ರಾಮಾಣಿಕತೆಯಲ್ಲಿ ಮಕ್ಕಳ ಕಣ್ಣೆದುರು ಬದುಕಿ ತೋರಿಸಬಹುದು, ಅಷ್ಟೆ. ನಿಮ್ಮ ಕಸುಬನ್ನು ಮಕ್ಕಳಿಗೆ ಒಪ್ಪಿಸುವ ದಿನ ಬಂದಾಗ, ಅದರ ಜೊತೆಗೆ ಅವರು ಏನನ್ನು ಕಂಡು ಬೆಳೆದರೆಂದೂ ಕೇಳಿಕೊಳ್ಳಿ.