ವಿರಹ ಹಾಡಿದ ಬಾದಶಹ

ಗೋಲಗುಂಬಜ್ ಕಟ್ಟಿಸಿದ ಮಹಮದ್ ಆದಿಲ್‌ಶಾಹ ನಮಗೆಲ್ಲ ಗೊತ್ತು. ನನಗೆ ಮಾತ್ರ ಅವನಿಗಿಂತ ಅವನ ಅಪ್ಪ ಎರಡನೇ ಇಬ್ರಾಹಿಂ ಆದಿಲ್‌ಶಾಹನೇ ಹೆಚ್ಚು ಇಷ್ಟ. ಆದ್ದರಿಂದ ಈ ಸಲ ಅವನ ಬಗ್ಗೆ ಬರೆಯುತ್ತಿದ್ದೇನೆ.

1580ರಲ್ಲಿ ಬಿಜಾಪುರದ, ಅಂದರೆ ಈಗಿನ ವಿಜಯಪುರದ ಪಟ್ಟಕ್ಕೆ ಬಂದಾಗ ಅವನಿಗೆ ಸುಮಾರು ಒಂಬತ್ತು ವರ್ಷ. ನಮ್ಮ ನಾಲ್ಕನೇ ಕ್ಲಾಸಿನ ಹುಡುಗರಷ್ಟು! ತೀರಿಕೊಂಡ ಸುಲ್ತಾನನ ಹೆಂಡತಿ ಚಾಂದಬೀಬಿ ಅವನ ಪರವಾಗಿ ರಾಜ್ಯ ನೋಡಿಕೊಂಡಳು. ಮುಂದೆ ಅವಳು ತವರಾದ ಅಹಮದನಗರಕ್ಕೆ ಹೋಗಿ, ಮೊಗಲರ ಎದುರು ಹೋರಾಡಿ, 1600ರಲ್ಲಿ ತನ್ನ ಕಡೆಯವರ ಕೈಯಲ್ಲೇ ಸತ್ತಳು.

ಇಬ್ರಾಹಿಮನಿಗೆ ಸಂಗೀತ, ಚಿತ್ರಕಲೆ ಅಂದ್ರೆ ಪ್ರಾಣ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ದಖನಿ ಭಾಷೆಯಲ್ಲಿ ಕಿತಾಬ್-ಎ-ನವರಸ್ ಎಂಬ ಹಾಡಿನ ಪುಸ್ತಕ ಬರೆದ. ಅದರಲ್ಲಿ ಸರಸ್ವತಿ, ಗಣಪತಿಯರ ಸ್ತುತಿ ಇದೆ. ಶೃಂಗೇರಿ ಶಾರದಾಂಬೆಯ ಸೀಮೆಯವರಾದ ನಮಗೆ ಇದು ಹತ್ತಿರದ ವಿಷಯ ಅಲ್ವಾ? ವಿರಹದ ಹಾಡುಗಳೂ ಅದರಲ್ಲಿವೆ.

ವಿರಹವನ್ನು ಹಾಡಬಹುದು, ಆದರೆ ಚಿತ್ರ ಬರೆಯೋದು ಹೇಗೆ? ಎದುರಿಗೆ ಇಲ್ಲದವರನ್ನು ತೋರಿಸಬೇಕಲ್ಲ! ರಾಗಮಾಲೆ ಚಿತ್ರಗಳಲ್ಲಿ ತೋಡಿ ಅಂದರೆ ಕಾಡಿನಲ್ಲಿ ಒಬ್ಬಳೇ ವೀಣೆ ಹಿಡಿದು ನಿಂತ ಹೆಣ್ಣು, ಕೇಳೋಕೆ ಜಿಂಕೆಗಳು ಮಾತ್ರ. ಇನ್ನು ಕೆಲವು ಚಿತ್ರಗಳಲ್ಲಿ ಕಪ್ಪು ಮೋಡ, ಮಿಂಚು, ನವಿಲು, ಖಾಲಿ ಹಾಸಿಗೆ. ನಮ್ಮಲ್ಲಿ ಆಷಾಢಕ್ಕೆ ಮದುಮಗಳು ತವರಿಗೆ ಹೋದಾಗ ಸುರಿಯುವ ಜಡಿಮಳೆ ನೆನೆಸಿಕೊಳ್ಳಿ, ಅರ್ಥ ಆಗುತ್ತೆ. ಇಬ್ರಾಹಿಮನ ಕಾಲದಲ್ಲೇ, 1590ರ ಸುಮಾರಿಗೆ, ಹಸನ್ ಮಂಜು ಖಲ್ಜಿ ಎಂಬ ಕವಿ ಪೇಮ್ ನೇಮ್ ಅಂತ ಒಂದು ಪ್ರೇಮಕಥೆ ಬರೆದ. ಪ್ರೇಮದ ನಿಯಮ ಅಂತ ಅರ್ಥ. ಅದರ ಚಿತ್ರಗಳಿರುವ ಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, 34 ಚಿತ್ರಗಳು. ಅಲ್ಲಿ ರಾಜಕುಮಾರನ ಎದೆಯ ಮೇಲೆ ಹುಡುಗಿಯ ಪುಟ್ಟ ರೂಪವನ್ನೇ ಬರೆದುಬಿಟ್ಟಿದ್ದಾರೆ! ಅವನು ಎಲ್ಲಿಗೆ ಹೋದರೂ ಅವಳು ಅಲ್ಲೇ ಇರ್ತಾಳೆ. ಇದಕ್ಕಿಂತ ಜಾಣ ಉಪಾಯ ನನಗಂತೂ ಕಾಣಲಿಲ್ಲ.

ಅಗಲಿಕೆ ಅವನ ಮನೆಗೂ ಬಂತು. ಅಕ್ಬರ್ ತನ್ನ ಮಗ ದಾನಿಯಾಲನಿಗೆ ಇಬ್ರಾಹಿಮನ ಮಗಳನ್ನು ಕೇಳಿದ. ಇಬ್ರಾಹಿಂ ಬಹಳ ದಿನ ತಡಮಾಡಿದ. ಆದರೆ ಮೊಗಲರ ಸೈನ್ಯ ಪಕ್ಕದಲ್ಲೇ ಇತ್ತು. 1604ರಲ್ಲಿ ಮದುವೆ ಆಯಿತು. 1605ರಲ್ಲಿ ದಾನಿಯಾಲ್ ಕುಡಿತದಿಂದ ಸತ್ತ. ಆ ಹುಡುಗಿಯನ್ನು ಯಾರಾದರೂ ಒಂದು ಮಾತು ಕೇಳಿದ್ದರೋ ಇಲ್ಲವೋ!

ಸಂಗೀತಗಾರರಿಗಾಗಿ 1599ರಲ್ಲಿ ಅವನು ಕಟ್ಟಿಸತೊಡಗಿದ ನವರಸಪುರವನ್ನು 1624ರಲ್ಲಿ ಮಲಿಕ್ ಅಂಬರನ ಸೈನ್ಯ ಹಾಳುಗೆಡವಿತು. ಮೂರು ವರ್ಷಕ್ಕೆ, 1627ರಲ್ಲಿ, ಇಬ್ರಾಹಿಂ ತೀರಿಕೊಂಡ.

ಪ್ರವಾಸಕ್ಕೆ ಹೋದರೆ ಗೋಲಗುಂಬಜ್ ಒಂದನ್ನೇ ನೋಡಿ ಬಸ್ ಹತ್ತಬೇಡಿ. ಊರಿನ ಪಶ್ಚಿಮಕ್ಕೆ ಇಬ್ರಾಹಿಂ ರೋಜಾ ಇದೆ. ಅವನೂ ಅವನ ಹೆಂಡತಿ ತಾಜ್ ಸುಲ್ತಾನಾಳೂ ಮಲಗಿರುವುದು ಅಲ್ಲೇ.