ಕೇಡಗಾಂವ್‌ನ ತಾಯಿ ಪಂಡಿತಾ ರಮಾಬಾಯಿ

ಪುಣೆಯಿಂದ ದೌಂಡ್ ಕಡೆಗೆ ರೈಲಿನಲ್ಲಿ ಹೋಗುವಾಗ ಕೇಡಗಾಂವ್ ಸಿಗುತ್ತದೆ. ಅಲ್ಲಿ ‘ಮುಕ್ತಿ’ ಆಶ್ರಮ ಕಟ್ಟಿದ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ.

ಸಂಸ್ಕೃತ ಕಲಿಸಿದವರು ತಾಯಿ ಲಕ್ಷ್ಮೀಬಾಯಿ. ಬರಗಾಲದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಅಣ್ಣನ ಜೊತೆ ಅಲೆಯುತ್ತಾ 1878ರಲ್ಲಿ ಕಲ್ಕತ್ತಾ ತಲುಪಿದಾಗ ಅಲ್ಲಿನ ವಿದ್ವಾಂಸರು ‘ಪಂಡಿತಾ’ ಎಂದು ಗೌರವಿಸಿದರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಪತಿಯೂ ಹೋದರು. ಮಗಳು ಮನೋರಮಾಳಿಗೆ ಆಗ ಇನ್ನೂ ವರ್ಷ ತುಂಬಿರಲಿಲ್ಲ.

1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ನಂಬಿಕೆ ಬಂದರೂ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ಚರ್ಚಿನ ಹಿರಿಯರು ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳಲೂ ಇಲ್ಲ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮತಾಂತರದ ಆರೋಪ ಎದ್ದು 1893ರಲ್ಲಿ ಹಲವು ಮನೆಯವರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ರಮಾಬಾಯಿ ನಿರೀಕ್ಷೆ ಬಿಡಲಿಲ್ಲ, ಬಾಗಿಲು ಮುಚ್ಚಲಿಲ್ಲ.

1896–97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹಸಿದ ಹೆಣ್ಣುಮಕ್ಕಳನ್ನು ಕರೆತಂದರು. ಹಸಿವಿನಲ್ಲಿ ಹೆತ್ತವರನ್ನು ಕಳೆದುಕೊಂಡವರು ಆ ಮಕ್ಕಳಿಗೆ ತಾಯಿಯಾದರು. ಪ್ರೀತಿ ಎಂದರೆ ಅವರಿಗೆ ಊಟ, ಅಕ್ಷರ, ಕೈಗೊಂದು ಕಸುಬು.

1921ರಲ್ಲಿ ಮನೋರಮಾ ತೀರಿಕೊಂಡರು. ಆ ದುಃಖದಲ್ಲೂ ಬೈಬಲನ್ನು ಸರಳ ಮರಾಠಿಗೆ ತರುವ ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣು ಮುಚ್ಚಿದರು. ‘ಮುಕ್ತಿ’ಯ ಬಾಗಿಲು ಇಂದಿಗೂ ತೆರೆದಿದೆ.