ವಿಮಾನ ಶಿಲ್ಪಿ ಮಿಚೆಲ್

ಮಕ್ಕಳೇ, ನೀವು ಕಾಗದ ಮಡಚಿ ವಿಮಾನ ಮಾಡಿ ಹಾರಿಸಿದ್ದೀರಲ್ಲವೇ? ಇಂಗ್ಲೆಂಡಿನಲ್ಲಿ ಒಬ್ಬ ಹುಡುಗನಿಗೂ ಇದೇ ಹುಚ್ಚು. ಅವನು ಆಟದ ವಿಮಾನಗಳನ್ನು ತಾನೇ ತಯಾರಿಸಿ ಹಾರಿಸುತ್ತಿದ್ದನು. ಮುಂದೆ ಅವನು ರೂಪಿಸಿದ ವಿಮಾನವು ಜಗತ್ತಿನಲ್ಲೇ ಅತಿ ವೇಗದ ವಿಮಾನವೆಂದು ಹೆಸರಾಯಿತು. ಅವನೇ ರೆಜಿನಾಲ್ಡ್ ಜೋಸೆಫ್ ಮಿಚೆಲ್.

ಮಿಚೆಲ್ 1895ರ ಮೇ 20ರಂದು ಜನಿಸಿದರು. ಹದಿನಾರನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು, ರೈಲು ಎಂಜಿನ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದರು. ಹಗಲು ದುಡಿದು, ಸಂಜೆಯ ತರಗತಿಗಳಲ್ಲಿ ಗಣಿತ ಮತ್ತು ಯಂತ್ರಶಾಸ್ತ್ರವನ್ನು ಓದಿದರು. ಬಳಿಕ ಸೌತಾಂಪ್ಟನ್ ಎಂಬ ಬಂದರು ನಗರದ ಸೂಪರ್‌ಮರೀನ್ ಕಂಪನಿಗೆ ಸೇರಿ, ಕೆಲವೇ ವರ್ಷಗಳಲ್ಲಿ ಅಲ್ಲಿನ ಮುಖ್ಯ ವಿನ್ಯಾಸಕಾರರಾದರು.

ಆ ಕಾಲದಲ್ಲಿ ಷ್ನೈಡರ್ ಟ್ರೋಫಿಗಾಗಿ ಕಡಲ ವಿಮಾನಗಳ ಸ್ಪರ್ಧೆ ನಡೆಯುತ್ತಿತ್ತು. ಕಡಲ ವಿಮಾನದ ಅಡಿಯಲ್ಲಿ ಚಕ್ರಗಳ ಬದಲು ದೋಣಿಯಂತಹ ತೇಲುವ ಭಾಗಗಳಿರುತ್ತವೆ. ಅದು ನೀರಿನ ಮೇಲೆ ಓಡಿ ಆಕಾಶಕ್ಕೆ ಏರುತ್ತದೆ.

1925ರಲ್ಲಿ ಮಿಚೆಲ್ ಎಸ್.4 ಎಂಬ ಅಂದವಾದ ವಿಮಾನವನ್ನು ರೂಪಿಸಿದರು. ಅದರ ರೆಕ್ಕೆಗಳಿಗೆ ಹೊರಗಿನಿಂದ ತಂತಿಯ ಆಸರೆ ಇರಲಿಲ್ಲ. ಅಮೆರಿಕದಲ್ಲಿ ಸ್ಪರ್ಧೆಗೆ ಮುನ್ನವೇ ಅದು ನೀರಿಗೆ ಬಿದ್ದು ಮುರಿಯಿತು. ಪುಣ್ಯಕ್ಕೆ ಚಾಲಕ ಬದುಕುಳಿದನು. ಮಿಚೆಲ್ ಎದೆಗುಂದಲಿಲ್ಲ. ಚಿಕ್ಕ ಮಾದರಿಗಳನ್ನು ಮಾಡಿಸಿ, ಅವುಗಳ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸಿದರು. ಹೊಸ ವಿಮಾನ ಎಸ್.5ರ ರೆಕ್ಕೆಗಳಿಗೆ ತಂತಿಗಳನ್ನು ಬಿಗಿದರು. ಎಂಜಿನ್ನಿನ ಬಿಸಿನೀರು ರೆಕ್ಕೆಯ ಹೊದಿಕೆಯಡಿ ಹರಿದು ತಣ್ಣಗಾಗುವಂತೆ ಮಾಡಿದರು. 1927ರಲ್ಲಿ ವೆನಿಸ್ ನಗರದಲ್ಲಿ ಎಸ್.5 ಗೆದ್ದಿತು. 1929ರಲ್ಲಿ ಎಸ್.6 ಗೆದ್ದಿತು.

ಮುಂದಿನ ಸ್ಪರ್ಧೆಗೆ ಹಣ ಕೊಡಲು ಸರ್ಕಾರ ಹಿಂಜರಿಯಿತು. ಆಗ ಲೂಸಿ ಹೂಸ್ಟನ್ ಎಂಬ ಮಹಿಳೆ ಒಂದು ಲಕ್ಷ ಪೌಂಡ್ ನೀಡಿದರು. 1931ರಲ್ಲಿ ಬೇರೆ ದೇಶಗಳ ವಿಮಾನಗಳು ಸಿದ್ಧವಾಗಿರಲಿಲ್ಲ. ಎಸ್.6ಬಿ ಒಂಟಿಯಾಗಿ ಹಾರಿ ಗೆದ್ದಿತು. ಟ್ರೋಫಿ ಶಾಶ್ವತವಾಗಿ ಬ್ರಿಟನ್ನಿನದಾಯಿತು. ಅದೇ ತಿಂಗಳು ಎಸ್.6ಬಿ ಗಂಟೆಗೆ ಸುಮಾರು 655 ಕಿಲೋಮೀಟರ್ ವೇಗದಲ್ಲಿ ಹಾರಿ ವಿಶ್ವದಾಖಲೆ ಮಾಡಿತು.

1933ರಲ್ಲಿ ಮಿಚೆಲ್ ಅವರಿಗೆ ಕ್ಯಾನ್ಸರ್ ರೋಗಕ್ಕಾಗಿ ಶಸ್ತ್ರಚಿಕಿತ್ಸೆಯಾಯಿತು. ನೋವಿದ್ದರೂ ಅವರು ಕೆಲಸ ನಿಲ್ಲಿಸಲಿಲ್ಲ. ಅವರು ರೂಪಿಸಿದ ಸ್ಪಿಟ್‌ಫೈರ್ ಎಂಬ ಯುದ್ಧವಿಮಾನವು 1936ರ ಮಾರ್ಚ್ 5ರಂದು ಮೊದಲ ಬಾರಿಗೆ ಹಾರಿತು. 1937ರ ಜೂನ್ 11ರಂದು ಮಿಚೆಲ್ ತೀರಿಕೊಂಡರು. ಆಗ ಅವರಿಗೆ ಕೇವಲ 42 ವರ್ಷ. 1940ರಲ್ಲಿ ಶತ್ರುಗಳು ಬ್ರಿಟನ್ನಿನ ಮೇಲೆ ಎರಗಿದಾಗ ದೇಶವನ್ನು ಕಾಯ್ದ ವಿಮಾನಗಳಲ್ಲಿ ಸ್ಪಿಟ್‌ಫೈರ್ ಕೂಡ ಒಂದು. ಅದನ್ನು ಕಾಣಲು ಮಿಚೆಲ್ ಇರಲಿಲ್ಲ.

ಎಸ್.6ಬಿ ವಿಮಾನವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಅದರ ಚಿಕ್ಕ ಮಾದರಿಯನ್ನು ಮಕ್ಕಳೂ ದೊಡ್ಡವರೂ ಬಿಡಿಭಾಗಗಳನ್ನು ಅಂಟಿಸಿ ಜೋಡಿಸುತ್ತಾರೆ. ನಿಜವಾದ ವಿಮಾನದ ಅಳತೆಯನ್ನು 72ರಿಂದ ಭಾಗಿಸಿದರೆ ಅಂತಹ ಮಾದರಿಯ ಅಳತೆ ಸಿಗುತ್ತದೆ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಇದ್ದ 9 ಮೀಟರಿಗೂ ಹೆಚ್ಚಿನ ಉದ್ದ, ಮಾದರಿಯಲ್ಲಿ ಸುಮಾರು 13 ಸೆಂಟಿಮೀಟರ್ ಆಗುತ್ತದೆ. ನಿಮ್ಮ ಅಳತೆಪಟ್ಟಿ ಇಟ್ಟು ನೋಡಿರಿ. ಅಷ್ಟೇ ಅಗಲದ ವಿಮಾನವೊಂದನ್ನು ರಟ್ಟಿನಿಂದ ನೀವೂ ಮಾಡಿರಿ. ಮೊದಲ ಸಲ ಅದು ಬಿದ್ದರೆ, ಏಕೆ ಬಿತ್ತೆಂದು ಯೋಚಿಸಿ ಮತ್ತೆ ಮಾಡಿರಿ.